ಕಂಪ್ಯೂಟರಿಗೆ ಕೊಟ್ಟ ಬನ್ನಿ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ನಾನು ಈಗಲೂ ಚಪ್ಪಲಿ ಬಿಡುತ್ತೇನೆ. ನೋಡಿದವರು ಇದನ್ನು ಭಕ್ತಿಯೆಂದು ತಿಳಿಯುತ್ತಾರೆ. ದೇವರ ಮನೆಯತ್ತ ವರ್ಷಕ್ಕೊಮ್ಮೆಯೂ ತಲೆ ಹಾಕದ ಮನುಷ್ಯನಿಗೆ ಈ ಪೆಟ್ಟಿಗೆಯ ಮೇಲೆ ಇದೆಂಥ ಭಕ್ತಿಯೋ ಎಂದು ನನ್ನ ಹೆಂಡತಿ ಮಾತ್ರ ಗೊಣಗುತ್ತಾಳೆ. ನಿಜ ಹೇಳಬೇಕೆಂದರೆ ಅದು ಭಕ್ತಿಯಲ್ಲ, ಭಯ. ಗೋಕಾಕದ ಮೂರು ದಿನದ ತರಬೇತಿಯಲ್ಲಿ ಹತ್ತಿಸಿಕೊಂಡು ಬಂದದ್ದು. ಒಂದು ಯಂತ್ರಕ್ಕೆ ಆರು ಮಂದಿ ಶಿಕ್ಷಕರಿದ್ದ ಆ ತರಬೇತಿಯಲ್ಲಿ ನಾನು ಹಿಂದೆ ನಿಂತವನಾದ್ದರಿಂದ, ಮುಂದಿನವರ ಕುತ್ತಿಗೆಯ ಬಗ್ಗೆ ಸಮಗ್ರ ಜ್ಞಾನವನ್ನೂ, ಕಂಪ್ಯೂಟರಿನ ಬಗ್ಗೆ ಎರಡೇ ಸೂತ್ರಗಳನ್ನೂ ಸಂಪಾದಿಸಿದೆ: ಚಪ್ಪಲಿ ಹೊರಗೆ ಬಿಡಬೇಕು, ಡಬ್ಬಿ ಬಿಚ್ಚಬಾರದು. ಮಧ್ಯಾಹ್ನ ಕೊಟ್ಟ ಕರದಂಟಿನ ರುಚಿ ಇವೆರಡಕ್ಕಿಂತ ಚೆನ್ನಾಗಿ ನೆನಪಿದೆ.

ಆಗ ನಾನು ಮೂಡಲಗಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಶಾಲೆಗೂ ಒಂದು ಕಂಪ್ಯೂಟರು ಬಂದಿತ್ತು, ಜೊತೆಗೆ ಹೃದಯದ ಪಾಠವಿದ್ದ ಒಂದು ಸಿ.ಡಿ. ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಪರದೆಗೊಂದು ಗಂಭೀರ ಕತ್ತಲೆ. ಮಕ್ಕಳು ಚಪ್ಪಲಿ ಬಿಟ್ಟು, ಕೈಕಟ್ಟಿ, ಗರ್ಭಗುಡಿಯ ಮುಂದೆ ಕೂತವರಂತೆ ಕೂರುತ್ತಿದ್ದರು. ಸಿ.ಡಿ.ಯೊಳಗಿನ ಸುಶ್ರಾವ್ಯ ಕಂಠವೊಂದು "ಮಕ್ಕಳೇ, ಅರ್ಥವಾಯಿತೇ?" ಎಂದು ಕೇಳಿ ಮುಗಿಸುವ ಮೊದಲೇ ಎಲ್ಲರೂ "ಹೂಂ" ಎಂದುಬಿಡುತ್ತಿದ್ದರು. ಒಬ್ಬರೂ ಒಂದು ಪ್ರಶ್ನೆ ಕೇಳಿದವರಲ್ಲ. ನಾನೂ ಅದನ್ನು ಶಿಸ್ತೆಂದು ತಿಳಿದು ಹಿಗ್ಗಿದ್ದೆ.

ಹೀಗಿರುವಾಗ ಮೇಲಿನಿಂದ ಮೌಲ್ಯಮಾಪನದ ಕಾಗದ ಬಂತು. ಗೋಕಾಕದಿಂದ ಸಾಹೇಬರೊಬ್ಬರು ಬಂದು, ಈ ಉಪಕರಣದಿಂದ 'ವಿದ್ಯಾರ್ಥಿಗಳ ತೊಡಗುವಿಕೆ' ಎಷ್ಟಾಗಿದೆಯೆಂದು ನಮೂನೆಯಲ್ಲಿ ತುಂಬುವವರಿದ್ದರು; ಸಾಲದೆಂದು ಬರೆದರೆ ಕಂಪ್ಯೂಟರು ಹುಕ್ಕೇರಿ ಕಡೆಯ ಇನ್ನೊಂದು ಶಾಲೆಗೆ ಹೋಗುವುದಿತ್ತು. ಹೇಗೆ ಕಳಿಸಲಿ ಹೇಳಿ! ಉಪಯೋಗಿಸಲು ಬರದಿದ್ದರೂ ಅದರ ಮೇಲೆ ನನಗೆ ಜೀವವಿತ್ತು.

ಸಾಹೇಬರು ಬಂದದ್ದು ದಸರೆಯ ರಜೆ ಮುಗಿದು ಶಾಲೆ ತೆರೆದ ದಿನವೇ. ನಮ್ಮ ಕಡೆ ಅಂದು ಪಾಠಕ್ಕಿಂತ ಬನ್ನಿಯದೇ ಗದ್ದಲ. ಬನ್ನಿಯೆಲೆಯೇ ಬಂಗಾರ, ಸಿಕ್ಕಸಿಕ್ಕವರ ಕೈಗೆ ಅದನ್ನಿಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಎನ್ನಬೇಕು, ಹಳೆಯ ಜಗಳಗಳನ್ನು ಅಲ್ಲಿಗೇ ಬಿಡಬೇಕು. ನನ್ನ ಅಂಗಿಯ ಜೇಬು ಎಲೆಗಳಿಂದ ಉಬ್ಬಿತ್ತು. ಸಾಹೇಬರ ಜೇಬನ್ನೂ ತುಂಬಿಸಿ, ಅವರನ್ನು ಕೂರಿಸಿ, ಸಿ.ಡಿ. ಹಾಕಿ ಗುಂಡಿಯೊತ್ತಿದೆ. ಹೃದಯ ಬರಲಿಲ್ಲ. ಬದಲಿಗೆ ಪೆಟ್ಟಿಗೆಯೊಳಗಿಂದ ಕರ್ರ್, ಕರ್ರ್ ಎಂಬ ಸದ್ದು. ಸಿ.ಡಿ. ಇಡುವ ತಟ್ಟೆ ಅರ್ಧ ಹೊರಬಂದು ಅಲ್ಲೇ ಕಚ್ಚಿಕೊಂಡಿತು. ನನ್ನ ಹೃದಯ ಮಾತ್ರ ಎಲ್ಲರಿಗೂ ಕೇಳುವಂತೆ ಬಡಿದುಕೊಳ್ಳುತ್ತಿತ್ತು.

ಆಗ ಹಿಂದಿನಿಂದ ರೇಣುಕಾ ಎದ್ದು ನಿಂತಳು. ಕುರಿ ಸಾಕುವ ಮನೆಯ ಹುಡುಗಿ, ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಸರ, ಗಂಟಲಾಗ ಏನರ ಸಿಕ್ಕರ ನಮ್ಮ ಕುರಿ ಹಿಂಗ ಕೆಮ್ಮತೈತ್ರಿ. ಅದರ ಬಾಯಾಗ ಏನೋ ಐತ್ರಿ."

ಡಬ್ಬಿ ಬಿಚ್ಚಬಾರದೆಂಬ ನನ್ನ ಎರಡನೆಯ ಸೂತ್ರವನ್ನು ನಾನು ಉದ್ಧರಿಸುವಷ್ಟರಲ್ಲಿ, ಸಾಹೇಬರು ತಮ್ಮ ಸ್ಕೂಟರಿನ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತಂದು, ಕರೆಂಟು ತೆಗೆಸಿ, ಶರ್ಟಿನ ತೋಳು ಮಡಚಿದ್ದರು. ಬೆಳಕು ಬೇಕೆಂದು ಯಾರೋ ಕಿಟಕಿಯ ಪರದೆ ಸರಿಸಿದರು. ಮುಚ್ಚಳ ತೆರೆಯಿತು, ತಟ್ಟೆ ಹೊರಬಂತು. ಅದರ ನಡುವಿನ ತೂತಿನಿಂದ ಜಾರಿ ಅಡಿಯಲ್ಲಿ ಸಿಕ್ಕಿಕೊಂಡಿದ್ದ, ಚಿಂದಿಯಾದ ಎರಡು ಬನ್ನಿಯೆಲೆ!

ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ನಮ್ಮ ಶಾಲೆಯ ಆಯಾ ಬಾಳವ್ವ ಮುಂದೆ ಬಂದಳು. ಬೆಳಗ್ಗೆ ನಾನು ತಟ್ಟೆ ತೆರೆದಿಟ್ಟು ಸಿ.ಡಿ. ಹುಡುಕಲು ಹೋಗಿದ್ದಾಗ ಅವಳು ಕಸ ಗುಡಿಸಲು ಬಂದಿದ್ದಳಂತೆ.

"ನಾನ ಕೊಟ್ಟೇನ್ರಿ ಸಾಹೇಬ್ರ. ಕೈ ಚಾಚಿತ್ತ್ರಿ. ಹಬ್ಬದಾಗ ಕೈ ಚಾಚಿದವರಿಗೆ ಹೆಂಗ ಇಲ್ಲನ್ನೂದ್ರಿ? ಬನ್ನಿ ಇಟ್ಟು ಮುಟ್ಟಿದ ಕೂಡಲೇ ಇಸ್ಕೊಂಡು ಒಳಗ ಹೋತ್ರಿ. ಎಷ್ಟ ಮರ್ಯಾದಿ ಐತಿ ಅದಕ್ಕ ಅಂದ್ಕೊಂಡ್ನಿ."

ಸಾಹೇಬರು ನಕ್ಕ ನಗುವಿಗೆ ಇಡೀ ಕೋಣೆ ನಕ್ಕಿತು. ಆ ನಗುವಿನಲ್ಲಿ ಕಟ್ಟಿದ ಕೈಗಳೆಲ್ಲ ಬಿಚ್ಚಿಕೊಂಡವು. ಮಕ್ಕಳು ಬೆಂಚು ದಾಟಿ ಬಂದು ಪೆಟ್ಟಿಗೆಯನ್ನು ಮುತ್ತಿದರು. ಕಣ್ಣಿಲ್ಲದೆ ಇದು ಹೇಗೆ ಓದುತ್ತದೆ? ಈ ಫ್ಯಾನು ಯಾರಿಗೆ ಗಾಳಿ ಬೀಸುತ್ತದೆ? ನನಗೆ ಗೊತ್ತಿಲ್ಲದ್ದನ್ನೆಲ್ಲ ಅವರು ಕೇಳಿದರು. ಗೊತ್ತಿಲ್ಲವೆಂದು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದೆ, ಎಷ್ಟು ಹಗುರವಾಯಿತೆಂದರೆ ಇನ್ನೆರಡು ಸಲ ಹೇಳಿದೆ. ಎಲೆ ತೆಗೆದು, ಡಬ್ಬಿ ಮುಚ್ಚಿ, ಕೊನೆಗೂ ಹೃದಯವನ್ನು ಓಡಿಸಿದಾಗ, "ಅರ್ಥವಾಯಿತೇ?" ಎಂದಿತು ಆ ಸುಶ್ರಾವ್ಯ ಕಂಠ.

"ಇಲ್ರೀ," ಎಂದಳು ರೇಣುಕಾ. "ಹೃದಯದಾಗ ಏನರ ಸಿಕ್ಕರ ಅದನ್ನೂ ಹಿಂಗ ಬಿಚ್ಚಿ ನೋಡ್ತಾರೇನ್ರಿ?"

ಆ ಸಿ.ಡಿ.ಗೆ ಯಾರಾದರೂ ಕೊಟ್ಟ ಮೊದಲ ನಿಜವಾದ ಉತ್ತರ ಅದು, ಮೊದಲ ಪ್ರಶ್ನೆಯೂ ಅದೇ. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ.

ನಮೂನೆಯಲ್ಲಿ ಸಾಹೇಬರು ಬರೆದದ್ದು ಒಂದೇ ಸಾಲು: 'ತೊಡಕಾದಾಗ ತೊಡಗುವಿಕೆ ಪೂರ್ಣ. ಉಪಕರಣ ಇಲ್ಲಿಯೇ ಇರಲಿ.' ತೊಡಕು, ತೊಡಗು ಎಂದು ಒಂದಕ್ಷರದ ಆಚೀಚೆ ಇರುವ ಆ ಎರಡು ಪದಗಳು ಒಂದೇ ಮನೆಯವು ಎಂಬುದು ಇಷ್ಟು ವರ್ಷ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ. ನಾವು ಶಿಸ್ತೆಂದುಕೊಂಡದ್ದು ಮಕ್ಕಳಿಗೂ ಪೆಟ್ಟಿಗೆಗೂ ನಡುವಿನ ಬರೀ ದೂರವಾಗಿತ್ತು.

ಮರುವರ್ಷದ ಹಬ್ಬಕ್ಕೆ ಬಾಳವ್ವ ಬನ್ನಿ ತಂದಳು. "ಈ ಸಲ ಅದರ ತೆಲಿ ಮ್ಯಾಲ ಇಟ್ಟೇನ್ರಿ," ಎಂದು ನನಗೆ ವರದಿಯನ್ನೂ ಒಪ್ಪಿಸಿದಳು.

ಚಪ್ಪಲಿಯನ್ನಂತೂ ನಾನು ಇಂದಿಗೂ ಹೊರಗೇ ಬಿಡುತ್ತೇನೆ, ರೂಢಿ ನೋಡಿ. ಆದರೆ ಅಂದಿನಿಂದ ಜೇಬಿನಲ್ಲೊಂದು ಸ್ಕ್ರೂಡ್ರೈವರ್ ಇರುತ್ತದೆ.