ಮಾಳಿಗೆಗೆ ಹತ್ತಿಸಿದ ಹೊಗೆ

ಅಜ್ಜನನ್ನು, ಎಂದರೆ ನನ್ನ ಮಾವನನ್ನು, ಈಗಲಾದರೂ ಕ್ಷಮಿಸಿದೆಯಾ ಎಂದು ಮಗಳು ಒಮ್ಮೆ ಕೇಳಿದಳು. ಇಲ್ಲ ಎಂದೆ. ಯಾಕೆಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪುತ್ತೂರಿನಲ್ಲಿ ಎಂಟನೆಯ ಕ್ಲಾಸಿನವರೆಗೆ ಓದಿದ್ದ ನನ್ನನ್ನು ಐವತ್ತರ ದಶಕದ ಕೊನೆಗೆ ಕಡಬದ ಹತ್ತಿರದ ಒಂದು ಮನೆಗೆ ಕೊಟ್ಟರು. ಆ ಮನೆಯ ಅಡುಗೆಮನೆಗೆ ಆಗ ಹಲಗೆಯ ಮುಚ್ಚಿಗೆ ಇರಲಿಲ್ಲ. ಒಲೆಯ ಹೊಗೆ ನೆಟ್ಟಗೆ ಮೇಲೇರಿ ಹಂಚಿನ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಮರುವರ್ಷ ಮಾವನಿಗೆ ಮಾಳಿಗೆಯ ಆಸೆ ಹುಟ್ಟಿತು. ಆಚಾರಿಯನ್ನು ಕರೆಸಿ ಅಡುಗೆಮನೆಯ ತಲೆಯ ಮೇಲೆಯೇ ಹಲಗೆ ಹಾಸಿಸಿದರು, ಸಂದುಗಳಿಗೆ ಮರದ ಹುಡಿ ಮತ್ತು ಅಂಟು ಕಲಸಿ ಮೆತ್ತಿಸಿದರು. ಮೇಲೆ ಗಾಜಿನ ಕಿಟಕಿ, ಎರಡು ಬೆತ್ತದ ಕುರ್ಚಿ. ಕೆಳಗೆ ನಾವು ಇಬ್ಬರು ಹೆಂಗಸರು, ಹೊರಗೆ ಹೋಗಲು ದಾರಿಯಿಲ್ಲದ ಹೊಗೆ.

ಅತ್ತೆಗೆ ಮೊದಲೇ ಉಬ್ಬಸ. ಹೊಗೆ ಮುಚ್ಚಿಗೆಗೆ ತಾಗಿ ಹರಡಿ, ದಪ್ಪವಾಗುತ್ತಾ ನಮ್ಮ ತಲೆಯವರೆಗೆ ಇಳಿಯುತ್ತಿತ್ತು. ಅತ್ತೆ ಕುಕ್ಕರುಗಾಲಲ್ಲಿ ಕೂತೇ ದೋಸೆ ಎರೆಯುತ್ತಿದ್ದರು. ಎದ್ದು ನಿಂತರೆ ಕೆಮ್ಮು.

"ಮಾವ, ಒಲೆಯ ಮೇಲಿನ ಒಂದು ಹಲಗೆಯಾದರೂ ತೆಗೆಸಿ. ಅತ್ತೆಗೆ ಉಸಿರು ಕಟ್ತದೆ," ಎಂದು ನಾನೇ ಕೇಳಿದೆ.

"ಹೊಗೆ ಇಲ್ಲದ ಅಡುಗೆಮನೆ ಎಲ್ಲಿ ಉಂಟು? ನನ್ನ ಅಮ್ಮ ಬದುಕಲಿಲ್ವಾ?" ಎಂದರು. ಅಲ್ಲೇ ಕೂತಿದ್ದ ನನ್ನ ಗಂಡ ತಲೆ ತಗ್ಗಿಸಿ ಎದ್ದು ಹೋದರು.

ಅದನ್ನೂ ಸಹಿಸುತ್ತಿದ್ದೆನೋ ಏನೋ. ಒಂದು ದಿನ ಸುಳ್ಯದಿಂದ ಮಾವನ ಗುರುತಿನವರು ಊಟಕ್ಕೆ ಬಂದಿದ್ದರು. ಬಡಿಸುವಾಗ ಅತ್ತೆಗೆ ಕೆಮ್ಮು ಹತ್ತಿತು, ಸೌಟಿನ ಸಾರು ಎಲೆಯ ಹೊರಗೆ ಚೆಲ್ಲಿತು. ಮಾವ ಎಲ್ಲರ ಎದುರು, "ಕೆಮ್ಮುದಾದ್ರೆ ಕೊಟ್ಟಿಗೆಗೆ ಹೋಗು" ಎಂದರು. ಅತ್ತೆ ಹೋದರು. ಊಟ ಮುಗಿದ ಮೇಲೆ ನಾನು ನೋಡಲು ಹೋದಾಗ ಹುಲ್ಲಿನ ಕಟ್ಟಿನ ಮೇಲೆ ಕೂತು ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದರು. "ಇಲ್ಲಿ ಗಾಳಿ ಒಳ್ಳೆದುಂಟು ಮಗಾ," ಎಂದರು. ಆ ಮಾತು ಕೇಳಿದ ಹೊತ್ತಿನಿಂದ ನನ್ನಲ್ಲಿ ಒಂದು ಹಟ ಗಟ್ಟಿಯಾಗಿ ಕೂತಿತು. ಈ ಹೊಗೆಯನ್ನು ಈ ಮನುಷ್ಯನಿಗೂ ಕುಡಿಸಬೇಕು.

ಮಾವ ಊರಲ್ಲಿಲ್ಲದ ದಿನ ನೋಡಿ, ಮಧ್ಯಾಹ್ನ ಏಣಿ ಇಟ್ಟು ಹತ್ತಿ, ಒಲೆಯ ನೇರಕ್ಕಿದ್ದ ಸಂದುಗಳ ಅಂಟನ್ನು ಕಬ್ಬಿಣದ ಸರಳಿನಿಂದ ಕೆರೆದು ತೆಗೆದೆ. ಅತ್ತೆ ಕೆಳಗೆ ಏಣಿ ಹಿಡಿದು ನಿಂತರು. ಒಲೆ ಉರಿಸಿದೆವು. ನನಗೆ ನಿರಾಸೆಯಾಯಿತು. ಸ್ವಲ್ಪ ಹೊಗೆ ಸಂದಿಗೆ ಹೋದರೂ ಹೆಚ್ಚಿನದು ಬಾಗಿಲ ಮೇಲ್ತುದಿಯಿಂದ ನಡುಮನೆಗೆ ಸೋರಿತು. ಬಾಗಿಲು ಮುಚ್ಚಿದೆ. ಆಗ ಹೊಗೆ ಕೋಣೆಯೊಳಗೇ ಸುತ್ತಾಡಿತು.

ಶಾಲೆಯಲ್ಲಿ ಮಾಸ್ಟ್ರು ಗಾಜಿನ ಪಾತ್ರೆಯ ನೀರಿಗೆ, ಬಾವಿಗೆ ಹಾಕುವ ನೇರಳೆ ಹರಳೊಂದನ್ನು ಹಾಕಿ ಕೆಳಗೆ ದೀಪ ಹಿಡಿದದ್ದು ನೆನಪಾಯಿತು. ಬಣ್ಣ ನೂಲಿನಂತೆ ಮೇಲೆದ್ದು, ಅಂಚಿಗೆ ಸರಿದು, ಬದಿಯಿಂದ ಕೆಳಗಿಳಿದು ಪುನಃ ದೀಪದ ಕಡೆಗೆ ಬಂದಿತ್ತು. ಬಿಸಿಯಾದ ನೀರು ಹಿಗ್ಗಿ ಹಗುರವಾಗುತ್ತದೆ, ಭಾರದ ತಣ್ಣೀರು ಅಡಿಗೆ ಬಂದು ಅದನ್ನು ಮೇಲಕ್ಕೆ ದೂಡುತ್ತದೆ, ಗಾಳಿಯೂ ಹಾಗೆಯೇ ಎಂದಿದ್ದರು. ಹಾಗಾದರೆ ನನ್ನ ಅಡುಗೆಮನೆಗೆ ಅಡಿಯಿಂದ ತಣ್ಣನೆಯ ಗಾಳಿ ಬೇಕು. ಹಿಂದಿನ ಗೋಡೆಯ ಬುಡದಲ್ಲಿ ನೀರು ಹೋಗುವ ತೂತೊಂದಿತ್ತು. ಹಾವು ಬರದ ಹಾಗೆ ಅದಕ್ಕೆ ಗೋಣಿ ತುರುಕಿದ್ದರು. ಗೋಣಿ ಎಳೆದು ತೆಗೆದೆ. ಕಾಲಿಗೆ ತಂಪು ತಾಗಿತು. ಹೊಗೆ ಒಮ್ಮೆ ತೊನೆದು, ಹಗ್ಗದ ಹಾಗೆ ನೆಟ್ಟಗಾಗಿ ಸಂದಿಯೊಳಗೆ ಏರಿಹೋಯಿತು.

ಅತ್ತೆ ಮೇಲೆ ನೋಡಿದರು. "ಸಂಪಾಜೆಯ ನೆಂಟರು ಬರುದು ಸೋಮವಾರ," ಎಂದರು. ನಾನು ಗೋಣಿಯನ್ನು ಪುನಃ ತುರುಕಿಟ್ಟೆ.

ಸೋಮವಾರ ಬೆಳಿಗ್ಗೆ ಚಳಿ ಚೆನ್ನಾಗಿತ್ತು. ಮಾವ ನೆಂಟರನ್ನು ಮಾಳಿಗೆಗೆ ಹತ್ತಿಸಿ, ಚಳಿಯೆಂದು ಕಿಟಕಿ ಮುಚ್ಚಿಸಿ, ಹಲಗೆ ಯಾವ ಮರದ್ದೆಂದು ವರ್ಣಿಸುವುದು ಕೆಳಗೆ ನಮಗೆ ಕೇಳುತ್ತಿತ್ತು. ನಾನು ಅರೆ ಒಣಗಿದ ತೆಂಗಿನ ಸಿಪ್ಪೆಯನ್ನು ಒಲೆಗೆ ತುಂಬಿ, ಬಾಗಿಲು ಹಾಕಿ, ಗೋಣಿ ಎಳೆದೆ. ತಲೆಯ ಮೇಲೆ ಮೊದಲು ಮಾತು ನಿಂತಿತು. ಆಮೇಲೆ ಒಬ್ಬರು ಕೆಮ್ಮಿದರು, ಮತ್ತೊಬ್ಬರು. ಕುರ್ಚಿ ಮಗುಚಿದ ಸದ್ದು. ಮೆಟ್ಟಿಲಲ್ಲಿ ದಡಬಡ. ಹಿರಿಯ ನೆಂಟರು ಅಂಗಳದಲ್ಲಿ ಕಣ್ಣುಜ್ಜುತ್ತಾ, "ಎಂತ ಮಾರಾಯ್ರೆ, ನಮ್ಮನ್ನು ಹೊಗೆಗಿಟ್ಟು ಕೊಬ್ಬರಿ ಮಾಡ್ಲಿಕ್ಕೆ ಕರೆದದ್ದಾ?" ಎಂದು ಗದರಿದರು.

ಮಾವ ಅಡುಗೆಮನೆಗೆ ನುಗ್ಗಿದರು. ಕಣ್ಣು ಕೆಂಪು, ಮೂಗಿನಲ್ಲಿ ನೀರು. ಆ ಮುಖ ನೋಡಿ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

"ಎಂತ ಮಾಡಿದ್ದು ನೀನು?"

"ಬಿಸಿ ಗಾಳಿ ಹಗುರ ಮಾವ. ಮೇಲೆಯೇ ಹೋಗುದು," ಎಂದೆ. "ಇಷ್ಟು ದಿನ ಅತ್ತೆ ಕುಡಿದರು."

ಅವರು ಕೈ ಎತ್ತಿದರು. ಅತ್ತೆ ನಡುವೆ ಬಂದು ನಿಂತರು, ಕೆಮ್ಮುತ್ತಲೇ. "ಏಣಿ ಹಿಡಿದದ್ದು ನಾನು," ಎಂದರು. ಎತ್ತಿದ ಕೈ ಇಳಿಯಿತು.

ಸಂದುಗಳನ್ನು ಮಾವ ಮತ್ತೆ ಮುಚ್ಚಿಸಿದರು. ನಾನು ಮತ್ತೆ ಕೆರೆದೆ. ಆಚಾರಿಗೇ ನಗು ಬರತೊಡಗಿತು. ಕೊನೆಗೆ ಬೇಸಗೆಯಲ್ಲಿ ಮಾವ ಅಡುಗೆಮನೆಯ ಮೇಲಿನ ಹಲಗೆಗಳನ್ನು ಕೀಳಿಸಿದರು, ಮಾಳಿಗೆ ಅರ್ಧವಾಯಿತು. ಅಂದಿನಿಂದ ನನ್ನ ಕೈಯ ಕಾಫಿ ಕುಡಿಯಲಿಲ್ಲ, ನನ್ನೊಡನೆ ಮಾತಾಡಲಿಲ್ಲ. ಅದರಿಂದ ನನಗೆ ಉಪಕಾರವೇ ಆಯಿತು.

ಆದರೆ ಅತ್ತೆಯ ಎದೆ ಸರಿಯಾಗಲಿಲ್ಲ. ಕೆಲವು ವರ್ಷ ನೆಟ್ಟಗೆ ನಿಂತು ಅಡುಗೆ ಮಾಡಿದರು, ಆಮೇಲೆ ಮಲಗಿದರು. ತೀರಿಕೊಂಡ ದಿನ ಮಾವ ಜಗಲಿಯಲ್ಲಿ ಕೂತು ದೊಡ್ಡ ಸ್ವರ ತೆಗೆದು ಅತ್ತರು. ಬಂದವರೆಲ್ಲ ಬೆನ್ನು ಸವರಿ ಸಮಾಧಾನ ಮಾಡಿದರು. ಒಂದು ಲೋಟ ನೀರು ಕೊಡಮ್ಮ ಎಂದು ಯಾರೋ ನನ್ನನ್ನು ಕರೆದರು. ನಾನು ಏಳಲಿಲ್ಲ.