ಒಂದೇ ಹೆಸರಿನ ಫೋಟೋಗಳು

ಚಿಕ್ಕನಾಯಕನಹಳ್ಳಿಯ ಬಸ್ ನಿಲ್ದಾಣದ ಹಿಂದೆ, ನಾರಿನ ಹಗ್ಗ ಮಾರುವ ಅಂಗಡಿಯ ಮಹಡಿಯಲ್ಲಿ ಜುಂಜೇಶನ ಫೋಟೋ ಸ್ಟುಡಿಯೋ ಇದೆ. ಕ್ಯಾಮೆರಾ ಹಿಡಿಯುವವನು ಅವನು. ಕಂಪ್ಯೂಟರಿನ ಮುಂದೆ ಕೂರುವವಳು ಹೆಂಡತಿ ಶಶಿರೇಖಾ. ಹುಳಿಯಾರು ಕಡೆಯ ಹಟ್ಟಿಯೊಂದರಲ್ಲಿ ಹುಟ್ಟಿ, ಪಿಯುಸಿ ಮುಗಿಸಿ, ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸಿ ಕೊಡುತ್ತಿದ್ದಳು. ಬರಬರುತ್ತಾ ಮದುವೆ ಫೋಟೋಗಳ ಕೆಲಸವೆಲ್ಲ ಅವಳ ತಲೆಗೇ ಬಂತು.

ಅದು ಬೇಸರದ ಕೆಲಸ. ಕ್ಯಾಮೆರಾದ ಕಾರ್ಡಿನಿಂದ ರಾಶಿ ಫೋಟೋ ಇಳಿಸಬೇಕು, ಒಂದೊಂದಕ್ಕೂ ಮದುವೆಮನೆಯ ಹೆಸರು ಕೊಡಬೇಕು, ಫೋನಿಗೆ ಕಳಿಸಲು ಸಣ್ಣ ಪ್ರತಿ ತೆಗೆಯಬೇಕು. ಮೌಸ್ ಒತ್ತಿ ಒತ್ತಿ ಅವಳ ತೋರುಬೆರಳು ಮರಗಟ್ಟುತ್ತಿತ್ತು.

ಹಳೆಯ ಕಂಪ್ಯೂಟರ್ ಪದೇ ಪದೇ ನಿಲ್ಲತೊಡಗಿದಾಗ ತಿಪಟೂರಿನಿಂದ ರಿಪೇರಿಗೆ ಬಂದ ಏಕಾಂತಯ್ಯ ಅದಕ್ಕೆ ಲಿನಕ್ಸ್ ಎಂಬ ಹಗುರವಾದ ಸಾಫ್ಟ್‌ವೇರ್ ಹಾಕಿದ. ಹೊರಡುವ ಮುಂಚೆ ಕಪ್ಪು ಪರದೆಯೊಂದನ್ನು ತೆರೆದು, ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದ. ಫೋಲ್ಡರಿನಲ್ಲಿದ್ದ ಫೋಟೋಗಳಿಗೆಲ್ಲ ಸಣ್ಣ ಪ್ರತಿಗಳು ತಾವಾಗಿಯೇ ಬಂದು ಕೂತವು.

"ಇದೇನ್ ಮಾಡಿದ್ರಿ?"

"ನೀನು ದಿನಾ ಕೈಯಲ್ಲಿ ಮಾಡೋದ್ನ ಬರೆದು ಹೇಳ್ದೆ ಕಣಮ್ಮ. ಶೆಲ್ ಸ್ಕ್ರಿಪ್ಟ್ ಅಂತಾರೆ. ಒಂದ್ಸಲ ಬರೆದಿಟ್ಟರೆ ಆಯ್ತು, ಹೇಳಿದ್ ಹೇಳಿದಂಗೇ ಮಾಡ್ತದೆ."

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಫೋನಿನಲ್ಲಿ ವಿಡಿಯೋ ನೋಡಿ ಕಲಿಯತೊಡಗಿದಳು. ಹೇಳಿಕೊಡುವವರ ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು. ಮಿಕ್ಕದ್ದನ್ನು ತಪ್ಪು ಮಾಡಿಯೇ ತಿಳಿಯಬೇಕಿತ್ತು. 'ಬೀಗರ ಊಟ' ಎಂದು ಹೆಸರಿಟ್ಟ ಫೋಲ್ಡರನ್ನು ಕಂಪ್ಯೂಟರ್ 'ಬೀಗರ' ಬೇರೆ, 'ಊಟ' ಬೇರೆ ಎಂದುಕೊಂಡು, ಎರಡೂ ಇಲ್ಲ ಎಂದು ಹಟ ಹಿಡಿಯಿತು. ಹೆಸರಿನ ಆಚೆ ಈಚೆ ಕೋಟ್ ಗುರುತು ಹಾಕಬೇಕೆಂದು ಗೊತ್ತಾದ ದಿನ ಒಬ್ಬಳೇ ಕೂತು ನಕ್ಕಳು.

ಕೊನೆಗೆ ಅವಳದೇ ಒಂದು ಸ್ಕ್ರಿಪ್ಟ್ ತಯಾರಾಯಿತು. ಕಾರ್ಡು ಸಿಕ್ಕಿಸಿ, ಮನೆಯವರ ಹೆಸರು ಟೈಪ್ ಮಾಡಿದರೆ ಸಾಕು; ಫೋಟೋಗಳು ಇಳಿದು, ಹೆಸರು ಬದಲಾಗಿ, ಸಣ್ಣ ಪ್ರತಿಗಳೂ ಸಿದ್ಧವಾಗಿ, ಕಾರ್ಡು ಖಾಲಿಯಾಗುತ್ತಿತ್ತು. ಒಂದೇ ಕ್ಯಾಮೆರಾ ಸಾಕಾಗುವ ನಾಮಕರಣ, ಗೃಹಪ್ರವೇಶಗಳಲ್ಲಿ ಅದು ಒಮ್ಮೆಯೂ ಕೈಕೊಡಲಿಲ್ಲ.

ಆಮೇಲೆ ಶೆಟ್ಟಿಕೆರೆ ಹತ್ತಿರದ ಹಟ್ಟಿಯ ಗೊಲ್ಲರಪ್ಪ ಮಗಳು ಧನುಶ್ರೀಯ ಮದುವೆಯ ಫೋಟೋ ತೆಗೆಯಲು ಹೇಳಿದ. ಜುಂಜೇಶ ಮಂಟಪದ ಎದುರಿಗೆ ನಿಂತ. ಅವನ ಚಿಕ್ಕಪ್ಪನ ಮಗ ಚಿತ್ತೇಶ ಇನ್ನೊಂದು ಕ್ಯಾಮೆರಾ ಹಿಡಿದು ಹೆಣ್ಣಿನ ಕಡೆಯವರ ನಡುವೆ ಓಡಾಡಿದ. ಮಾರನೆಯ ದಿನ ಶಶಿರೇಖಾ ಎರಡೂ ಕಾರ್ಡುಗಳನ್ನು ಒಂದಾದ ಮೇಲೊಂದು ಹಾಕಿ, ಖಾಲಿ ಕಾರ್ಡುಗಳನ್ನು ಅವರವರಿಗೆ ವಾಪಸ್ಸು ಕೊಟ್ಟಳು.

ಆಲ್ಬಮ್ ಜೋಡಿಸಲು ಕೂತಾಗ ಧಾರೆಯ ಫೋಟೋ ಹುಡುಕಿದಳು. ಎಲ್ಲವೂ ಪಕ್ಕದಿಂದ ತೆಗೆದವು. ಗಂಡಿನ ಮುಖ ಪುರೋಹಿತರ ಬೆನ್ನ ಹಿಂದೆ ಮರೆಯಾಗಿತ್ತು. ಜುಂಜೇಶ ತೆಗೆದದ್ದು ಒಂದೂ ಕಾಣಲಿಲ್ಲ.

ಆದದ್ದೇನೆಂದು ಹೊಳೆಯಲು ತಡವಾಗಲಿಲ್ಲ. ಎರಡೂ ಒಂದೇ ಕಂಪನಿಯ ಕ್ಯಾಮೆರಾಗಳು. ಆ ಮದುವೆಗೆ ಎರಡೂ ಒಂದೇ ಅಂಕಿಯಿಂದ ಶುರುವಾಗಿದ್ದವು, ಸ್ಕ್ರಿಪ್ಟ್ ಮನೆಯವರ ಹೆಸರಿನ ಮುಂದೆ ಆ ಅಂಕಿಯನ್ನೇ ಇಡುತ್ತಿತ್ತು, ಹಾಗಾಗಿ ಫೋಟೋಗಳ ಹೆಸರೂ ಒಂದೇ. ಮೌಸಿನಲ್ಲಿ ಎಳೆದು ಹಾಕಿದ್ದರೆ, ಈ ಹೆಸರಿನದು ಆಗಲೇ ಇದೆ, ಏನು ಮಾಡಲಿ ಎಂದು ಕಂಪ್ಯೂಟರ್ ಕೇಳುತ್ತಿತ್ತು. ಸ್ಕ್ರಿಪ್ಟಿನಲ್ಲಿ ಕೇಳು ಎಂದು ಅವಳು ಬರೆದಿರಲಿಲ್ಲ, ಅದು ಕೇಳಲಿಲ್ಲ. ಚಿತ್ತೇಶನ ಒಂದೊಂದು ಫೋಟೋವೂ ಜುಂಜೇಶನ ಒಂದೊಂದು ಫೋಟೋವನ್ನು ಅಳಿಸಿ ಆ ಜಾಗದಲ್ಲಿ ಕೂತಿತ್ತು.

ಜುಂಜೇಶ ಬಂದ ತಕ್ಷಣ ಹೇಳಿಬಿಟ್ಟಳು.

"ಕೈಯಲ್ಲೇ ಮಾಡಿದ್ರೆ ಹಿಂಗಾಗ್ತಿತ್ತೇನೇ?" ಎಂದ ಅವನು.

"ಇಲ್ಲ."

ಅವನು ಮೆಟ್ಟಿಲಿಳಿದು ಹೋದ.

ಶಶಿರೇಖಾ ಅವನ ಕಾರ್ಡು ಹಿಡಿದು ತಿಪಟೂರಿನ ಬಸ್ಸು ಹತ್ತಿದಳು. ಅಷ್ಟರಲ್ಲಿ ಅದೇ ಕಾರ್ಡಿನಲ್ಲಿ ಒಂದು ಸೀಮಂತ ಮುಗಿದಿತ್ತು. ಏಕಾಂತಯ್ಯ ಅಳಿಸಿಹೋದದ್ದನ್ನು ಹುಡುಕುವ ಪ್ರೋಗ್ರಾಂ ಹಾಕಿ ನೋಡಿದ. "ಮೇಲೆ ಬೇರೇವು ಕೂತ್ಬುಟ್ಟವೆ ಕಣಮ್ಮ. ಕೊನೇವು ಒಂದಷ್ಟು ಬಂದ್ವು, ಅಷ್ಟೇ." ಬಂದವು ಊಟದ ಪಂಕ್ತಿಯವು.

ವಾಪಸ್ಸು ಬರುವಾಗ ಅವಳು ಶೆಟ್ಟಿಕೆರೆಯಲ್ಲೇ ಇಳಿದು ಹಟ್ಟಿಗೆ ನಡೆದಳು. ಗೊಲ್ಲರಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ತವರಿಗೆ ಬಂದಿದ್ದ ಧನುಶ್ರೀ ನೀರು ತಂದುಕೊಟ್ಟಳು. ಶಶಿರೇಖಾ ಕುಡಿಯದೆಯೇ ನಡೆದದ್ದನ್ನೆಲ್ಲ ಹೇಳಿದಳು.

"ಧಾರೇದು ಒಂದೂ ಇಲ್ವಾ ಅಕ್ಕ?" ಧನುಶ್ರೀ ಕೇಳಿದಳು.

"ಎದುರಿಂದ ತೆಗೆದಿದ್ದು ಇಲ್ಲ. ನನ್ನಿಂದ್ಲೇ ಹೋಯ್ತು."

ಗೊಲ್ಲರಪ್ಪ ಕಾಯಿ ಕೆಳಗಿಟ್ಟು ಮಗಳ ಕಡೆ ತಿರುಗಿದ. "ಅವತ್ತು ಯಾರ್ ಕೈಯಲ್ಲಿ ಫೋನಿರ್ಲಿಲ್ಲ? ಎಲ್ರೂ ಎತ್ತಿಡ್ಕೊಂಡೇ ನಿಂತಿದ್ರು. ಕೇಳಿ ನೋಡವ್ವ" ಎಂದ.

ಧನುಶ್ರೀ ಕೂತಲ್ಲೇ ನೆಂಟರಿಗೆಲ್ಲ ಮೆಸೇಜು ಹಾಕಿದಳು. ವಾರವಿಡೀ ಫೋಟೋಗಳು ಬರುತ್ತಲೇ ಇದ್ದವು. ಒಂದೇ ಫೋಟೋ ಹತ್ತು ಕೈ ದಾಟಿ ಬರುತ್ತಿತ್ತು. ಅವನ್ನು ಒಂದೊಂದಾಗಿ ನೋಡುವುದು ಯಾರಿಂದಲೂ ಆಗುವಂತಿರಲಿಲ್ಲ. ಶಶಿರೇಖಾ ಮತ್ತೆ ಕಪ್ಪು ಪರದೆ ತೆರೆದಳು. ಒಂದೇ ಥರದವನ್ನು ಬೇರೆಯಿಡುವ ಹೊಸ ಸ್ಕ್ರಿಪ್ಟ್ ಬರೆದಳು. ಈ ಸಲ ಏನನ್ನೂ ಅಳಿಸಲು ಹೇಳಲಿಲ್ಲ. ಯಾವುದನ್ನು ಎಲ್ಲಿಗೆ ಸರಿಸುತ್ತೀಯೆಂದು ಮೊದಲು ಬರೆದು ತೋರಿಸು ಎಂದಷ್ಟೇ ಹೇಳಿದಳು. ಜುಂಜೇಶ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಪರದೆಯ ಸಾಲುಗಳನ್ನು ಓದಿದ.

"ಇದು ಸರಿಯಾಗೈತೆ. ಈಗ ಓಡ್ಸು."

ಮದುವೆಗೆ ಅಡುಗೆ ಮಾಡಿದ್ದ ಸಣ್ಣತಿಮ್ಮಯ್ಯ ಮಂಟಪದ ಎದುರಿಗೆ ನಿಂತು ತೆಗೆದದ್ದೊಂದು ಸಿಕ್ಕಿತು. ತುಸು ವಾಲಿತ್ತು, ಬಣ್ಣ ಮಂಕಾಗಿತ್ತು. ಗಂಡು ಹೆಣ್ಣು ಇಬ್ಬರ ಮುಖವೂ ಕಾಣುತ್ತಿತ್ತು. ಜುಂಜೇಶ ಅದನ್ನು ನೇರ ಮಾಡಿ, ಆಲ್ಬಮ್ಮಿನ ಎರಡು ಪುಟ ತುಂಬಾ ಹಾಕಿದ.

ಧನುಶ್ರೀ ಆಲ್ಬಮ್ ನೋಡಿ ತಗೊಂಡು ಹೋದಳು. ಗಂಡಿನ ಮನೆಯವರು ಮಾತ್ರ ಒಪ್ಪಲಿಲ್ಲ. ತಮ್ಮ ಮನೆಯ ಮುಂದಿನ ಮದುವೆಗೆ ತುರುವೇಕೆರೆಯ ಫೋಟೋಗ್ರಾಫರನ್ನು ಕರೆಸಿಕೊಂಡರು. ಅದು ಗೊತ್ತಾದಾಗ ಜುಂಜೇಶ, "ಹೋಗ್ಲಿ ಬುಡು" ಎಂದ. ಶಶಿರೇಖೆಗೆ ಅದು ಹೋಗಲಿಲ್ಲ, ಬಹಳ ದಿನ ಕೊರೆಯಿತು.

ಈಗ ಅವಳ ಸ್ಕ್ರಿಪ್ಟ್ ಫೋಟೋದ ಹೆಸರಿಗೆ ಕ್ಯಾಮೆರಾ ಯಾರದೆಂಬುದನ್ನೂ ಸೇರಿಸುತ್ತದೆ. ಕಾರ್ಡು ಖಾಲಿ ಮಾಡುವ ಸಾಲನ್ನು ತೆಗೆದುಹಾಕಿದ್ದಾಳೆ. ಆ ಕೆಲಸವನ್ನು ಆಲ್ಬಮ್ ಮನೆ ಸೇರಿದ ಮೇಲೆ ಅವಳೇ ಕೈಯಾರೆ ಮಾಡುತ್ತಾಳೆ.