ಒಳಚಿಲಕ

ಉಸಿರಾಡುವ ಜೀವವೊಂದನ್ನು ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮಾರಿದವರು ಅಪರಾಧಿಗಳು. ಹಾಗೆ ಮಾರಾಟ ನಡೆದಿದೆ ಎಂದು ಎದುರಿಗೆ ನಿಂತು ತಿಳಿಸಿದ ಮೇಲೂ ‘ಮುಂದಿನ ವಾರ ಬನ್ನಿ’ ಎಂದು ಕಳುಹಿಸಿದವರು ಅವರಿಗಿಂತ ದೊಡ್ಡ ಅಪರಾಧಿಗಳು. ಈ ಮಾತನ್ನು ನಾನು ಮೆದುಗೊಳಿಸಲಾರೆ. ಮೆದುಗೊಳಿಸಿದರೆ ಆ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದ ಎರಡು ಕೈಗಳಿಗೆ ದ್ರೋಹ ಬಗೆದಂತಾಗುತ್ತದೆ.

ದಪ್ಪ ಗೆಣ್ಣುಗಳ ಕೈಗಳು. ಬಲಗೈ ಹೆಬ್ಬೆರಳಿನ ಉಗುರು ಎಂದೋ ಬಾಗಿಲ ಸಂದಿಗೆ ಸಿಕ್ಕಿ ನಡುವೆ ಸೀಳಿಕೊಂಡು ಎರಡಾಗಿಯೇ ಬೆಳೆದಿತ್ತು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವರು ಮೆಟ್ಟಿಲು ಹತ್ತುವ ಮೊದಲೇ ಅದರ ಸದ್ದು ಹತ್ತಿ ಬರುತ್ತಿತ್ತು. ಗೋಕುಲಂನ ಆ ಮನೆಯಲ್ಲಿ ಬಾಡಿಗೆಗಿದ್ದ ನಾವೆಲ್ಲರೂ ಅವರನ್ನು ಓನರಮ್ಮ ಎಂದೇ ಕರೆಯುತ್ತಿದ್ದೆವು. ತಿ. ನರಸೀಪುರದ ಕಡೆಯ ಬೇಸಾಯದ ಮನೆತನದಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಮನೆಯನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟು ಬದುಕು ಕಟ್ಟಿಕೊಂಡವರು.

ಸ್ನಾತಕೋತ್ತರ ಪದವಿಗೆ ಸೇರಿದ ವರ್ಷ ನಾನು ಅವರ ಮಹಡಿಯ ಕೋಣೆಗೆ ಬಂದೆ. ಅದಕ್ಕೆ ಮೊದಲು ನಾನಿದ್ದದ್ದು ಹುಡುಗಿಯರ ಒಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿ. ಸಂಜೆಯಾದರೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕವಿರಲಿಲ್ಲ. ಮಾತಿನ ನಡುವೆ ಇದನ್ನು ಹೇಳಿದ್ದೆ, ಅಷ್ಟೇ. ನಾನು ಪೆಟ್ಟಿಗೆ ಇಳಿಸುವ ಹೊತ್ತಿಗೆ ಕೋಣೆಯ ಬಾಗಿಲಿಗೆ ಹೊಸ ಹಿತ್ತಾಳೆಯ ಚಿಲಕ ಬಿದ್ದಿತ್ತು.

“ಗಾಳಿ, ಬೆಳಕು, ನೀರು, ಚಿಲಕ. ಇವು ಇಲ್ದಿದ್ರೆ ಬಾಡ್ಗೆ ಕೇಳಕ್ಕೆ ನಂಗೇನ್ ಮೊಕ ಅದೆ?” ಎಂದರು. “ಅದ್ರಲ್ಲೂ ಚಿಲಕ ಒಳಗಡೆ ಇರ್ಬೇಕು ಕಣಮ್ಮ. ಒರಗಡೆ ಮಾತ್ರ ಇದ್ರೆ ಅದು ಮನೆ ಅಲ್ಲ, ಜೈಲು.”

ವಿಶ್ವವಿದ್ಯಾನಿಲಯದಲ್ಲಿ ನಾನು ಹಕ್ಕುಗಳ ಕುರಿತು ಓದಿದ್ದು ಬಹಳ. ಅದೆಲ್ಲ ಈ ಎರಡು ಸಾಲುಗಳ ಟಿಪ್ಪಣಿಯಂತೆ ಈಗ ಕಾಣುತ್ತದೆ.

ಕೆಳಗಿನ ಕೋಣೆಯಲ್ಲಿ ಮೊಬೈಲಿಗಾಗಿ ವಿಡಿಯೊಗಳನ್ನು ಮಾಡುತ್ತಿದ್ದ ಯುವಕನೊಬ್ಬನಿದ್ದ. ಮಂಡಿ ಮೊಹಲ್ಲಾದ ಒಂದು ಅಂಗಡಿಯಿಂದ ಹಾವಿನ ಮರಿಯನ್ನು ಕೊಂಡು ತಂದು, ಕೊರಳಿಗೆ ಸುತ್ತಿಕೊಂಡು ವಿಡಿಯೊ ಮಾಡಿದ್ದಾನೆಂದು ನಮಗೆ ತಿಳಿದದ್ದು ಅವನು ಕೋಣೆ ಖಾಲಿ ಮಾಡಿ ಹೋದ ಮೇಲೆ. ಕಸ ಗುಡಿಸಲು ಹೋದ ಓನರಮ್ಮನಿಗೆ ಕಿಟಕಿಯ ಕೆಳಗೆ ಆ ಡಬ್ಬಿ ಸಿಕ್ಕಿತು. ಮುಚ್ಚಳಕ್ಕೆ ಕಾದ ಮೊಳೆಯಿಂದ ಚುಚ್ಚಿದ ತೂತುಗಳು. ಒಳಗೆ ಕಂದು ಬಣ್ಣದ, ಮೈಮೇಲೆ ಹಳದಿ ಮಚ್ಚೆಗಳಿದ್ದ, ಒಂದು ಹಿಡಿಗೆ ಸಿಗುವಂಥ ಉಂಡೆ. ತಲೆಯನ್ನು ತನ್ನದೇ ಸುರುಳಿಯೊಳಗೆ ಅಡಗಿಸಿಕೊಂಡಿತ್ತು.

“ಯಾವನ್ಲಾ ಅವ್ನು, ಉಸ್ರಾಡೋದನ್ನ ಬಿಟ್ಬುಟ್ಟು ಓಗವ್ನೆ!” ಎಂದು ಅವರು ಕೂಗಿದ್ದಕ್ಕೆ ನಾನು ಓಡಿ ಬಂದೆ. ಆ ಯುವಕನಿಗೆ ಫೋನು ಮಾಡಿಸಿದರು.

“ಎಲ್ಲಾದ್ರೂ ಬಿಟ್ಬಿಡಿ ಆಂಟಿ. ಕೆರೆ ಹತ್ರ ಬಿಟ್ರೆ ಅದ್ರ ಪಾಡಿಗೆ ಅದು ಹೋಗುತ್ತೆ,” ಎಂದ.

“ನಿನ್ನೂ ಅಲ್ಲೇ ಬಿಟ್ಬುಡ್ತೀನಿ ಬಾ. ನಿನ್ ಪಾಡ್ಗೆ ನೀನೂ ಓಯ್ತೀಯೇನೋ ನೋಡವ.”

ಅವನು ಮತ್ತೆ ಫೋನು ಎತ್ತಲಿಲ್ಲ. ಸರೀಸೃಪಗಳನ್ನು ಬಲ್ಲ ಪಶುವೈದ್ಯೆಯೊಬ್ಬರಿಗೆ ನಾನು ಚಿತ್ರ ಕಳುಹಿಸಿದೆ. ಅದು ಆಫ್ರಿಕಾ ಮೂಲದ, ವಿಷವಿಲ್ಲದ ಹೆಬ್ಬಾವಿನ ಜಾತಿಯದು, ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ನಮ್ಮ ಕೆರೆ ಕಾಡುಗಳಿಗೆ ಅದನ್ನು ಬಿಡುವಂತೆಯೇ ಇಲ್ಲ ಎಂದರು. ಸಾಕುವುದಕ್ಕೂ ನೋಂದಣಿ ಬೇಕು. ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ, ಅಲ್ಲಿಯವರೆಗೆ ಬೆಚ್ಚಗಿನ ಜಾಗದಲ್ಲಿಡಿ ಎಂದರು.

ಓನರಮ್ಮನಿಗೆ ಹಾವೆಂದರೆ ಭಯ. ಆದರೂ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, “ನನ್ನ ಮನೆ ಒಳಗೆ ಸಿಕ್ತಲ್ಲ, ನನ್ನ ಬಾಡಿಗೆದಾರ್‍ನೇ,” ಎಂದು ತೀರ್ಮಾನಿಸಿಬಿಟ್ಟರು.

ತಮ್ಮ ಮನೆಯಲ್ಲಿದ್ದ ಅತ್ಯುತ್ತಮ ಜಾಗವನ್ನೇ ಅದಕ್ಕೆ ಬಿಟ್ಟುಕೊಟ್ಟರು. ನಡುಮನೆಯ ಗೋಡೆಗೆ ಒರಗಿ ಅತ್ತೆಯ ಕಾಲದ ಬೀಟೆ ಮರದ ಗಾಜಿನ ಬೀರು ಇತ್ತು. ದಸರೆಯಲ್ಲಿ ಮೆಟ್ಟಿಲೇರುವ ಗೊಂಬೆಗಳು ವರ್ಷದ ಉಳಿದ ದಿನಗಳೆಲ್ಲ ಅದರೊಳಗೇ ಇರುತ್ತಿದ್ದವು. ಪಟ್ಟದ ಗೊಂಬೆಗಳನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸಿದರು. ನಡುವಿನ ಹಲಗೆಗಳನ್ನು ತೆಗೆಸಿ, ಒಳಗೆಲ್ಲ ಒರೆಸಿ, ಬಲ್ಬು ಹಾಕಿಸಿ, ನೀರಿನ ಬಟ್ಟಲಿಟ್ಟರು. ಪಕ್ಕದ ಮನೆಯಾಕೆ ಬಂದು ಬಾಗಿಲಲ್ಲೇ ನಿಂತರು.

“ಅಲ್ಲಾ ಕಣ್ರೀ, ರಾಜಾ ರಾಣಿನ ಎಬ್ಬಿಸಿ ಹಾವನ್ನ ಕೂರಿಸಿದ್ದೀರಲ್ಲ!”

“ರಾಜಾ ರಾಣಿ ಉಸ್ರಾಡಲ್ಲ ಕಣಮ್ಮ, ಟ್ರಂಕ್‌ನಲ್ಲೂ ಇರ್ತವೆ,” ಎಂದರು ಓನರಮ್ಮ.

ಆದರೆ ಮರಿ ಚೇತರಿಸಿಕೊಳ್ಳಲಿಲ್ಲ. ಕೊಟ್ಟ ಆಹಾರವನ್ನು ಮುಟ್ಟಲಿಲ್ಲ. ದಿನ ಕಳೆದಂತೆ ತಲೆಯನ್ನು ಮೇಲಕ್ಕೆತ್ತಿ, ಬಾಯಿ ತೆರೆದು, ಗಾಜಿಗೆ ಆನಿಕೊಂಡು ಉಸಿರೆಳೆಯತೊಡಗಿತು. ಪಶುವೈದ್ಯೆಯೇ ಮನೆಗೆ ಬಂದರು. ಬೀರುವಿನ ಬಾಗಿಲು ತೆರೆದವರೇ ಮುಖ ಹಿಂದಕ್ಕೆಳೆದುಕೊಂಡರು.

“ಇದೇನಮ್ಮ ವಾಸನೆ?”

ನಮಗಿಬ್ಬರಿಗೂ ಏನೂ ಅನ್ನಿಸಿರಲಿಲ್ಲ. ಮೂಸಿ ನೋಡಿದ ಓನರಮ್ಮ, “ಯಾವ ವಾಸ್ನೆ? ದಸರಾ ವಾಸ್ನೆ ಅಲ್ವಾ ಇದು?” ಎಂದರು.

ಅದು ನುಸಿಗುಳಿಗೆಯ ವಾಸನೆ. ಗೊಂಬೆಗಳ ರೇಷ್ಮೆ, ಜರಿಗಳಿಗೆ ಹುಳು ಹತ್ತದಿರಲೆಂದು ಅತ್ತೆಯ ಕಾಲದಿಂದ ಆ ಬೀರುವಿನ ಮೂಲೆ ಮೂಲೆಗೂ ಗುಳಿಗೆ ಇಟ್ಟೂ ಇಟ್ಟೂ, ಅದರ ಘಾಟು ಮರದ ಎಳೆ ಎಳೆಗೂ ಇಳಿದಿತ್ತು. ಬಲ್ಬಿನ ಬಿಸಿ ತಾಗಿದೊಡನೆ ಅದೆಲ್ಲ ಹೊರಗೆ ಬಂದಿತ್ತು. ಗೊಂಬೆ ಕೂರಿಸುವ ಮನೆಗಳಲ್ಲಿ ಬೆಳೆದ ನಮ್ಮ ಮೂಗಿಗೆ ಅದು ಹಬ್ಬ. ಪುಟ್ಟ ಶ್ವಾಸಕೋಶಕ್ಕೆ ವಿಷ. ಇಷ್ಟೂ ಸಾಲದೆಂಬಂತೆ, ಅಷ್ಟು ದೊಡ್ಡ ಬೆಳಕಿನ ಗಾಜಿನ ಮನೆಯಲ್ಲಿ ಮರಿಗೆ ಅಡಗಲು ಒಂದು ಮೂಲೆಯೂ ಇಲ್ಲ, ಅದು ಹಗಲಿಡೀ ಬೆದರಿಕೊಂಡೇ ಇದೆ ಎಂದು ಪಶುವೈದ್ಯೆ ವಿವರಿಸಿದರು.

ಓನರಮ್ಮ ಬೀರುವಿನ ಬಾಗಿಲನ್ನು ಪೂರ್ತಿ ತೆರೆದಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಒಳಚಿಲಕ ಇಲ್ದಿರೋ ರೂಮ್ ಕೊಟ್ಬುಟ್ನಲ್ಲ ಕಣವ್ವ ನಾನು,” ಎಂದರು.

ಪಶುವೈದ್ಯೆ ಮರಿಯನ್ನು ಚಿಕಿತ್ಸೆಗೆ ಕರೆದೊಯ್ದರು. ಇತ್ತ ಓನರಮ್ಮ ಬಡಗಿಗಾಗಿ ಕಾಯದೆ ಕುಡುಗೋಲಿನ ಹಿಂಬದಿಯಿಂದ ಬೀರುವಿನ ಬೆನ್ನು ಹಲಗೆಯನ್ನು ತಾವೇ ಎಬ್ಬಿಸಿದರು. ಬೀಟೆಯ ಒಂದು ಚೂರನ್ನೂ ಉಳಿಸಿಕೊಳ್ಳಲಿಲ್ಲ. ಗಾಜನ್ನು ಮಾತ್ರ ಸೋಪು ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಬಿಸಿಲಿಗೆ ಒಣಗಿಸಿ, ಮೂಸಿ ನೋಡಲು ನನ್ನನ್ನು ಕರೆಯುತ್ತಿದ್ದರು. ನನ್ನ ಮೂಗಿನ ಮೇಲೂ ನಂಬಿಕೆಯಿಲ್ಲದೆ, ಮನೆಯಲ್ಲಿ ಗೊಂಬೆಯನ್ನೇ ಕೂರಿಸದ ಹಾಲಿನವನಿಂದಲೂ ಮೂಸಿಸಿದರು. “ಏನೂ ಇಲ್ಲ ಕಣಕ್ಕ, ಬರೀ ಸೋಪು,” ಎಂದು ಅವನು ಹೇಳಿದ ಮೇಲೆಯೇ ಗಾಜು ಕತ್ತರಿಸುವವರ ಬಳಿ ಹೋದದ್ದು.

ಎರಡನೆಯ ಮನೆ ಚಿಕ್ಕದಾಗಿತ್ತು, ಪಶುವೈದ್ಯೆ ಹೇಳಿದ ಅಳತೆಗೆ ತಕ್ಕಂತಿತ್ತು. ಮೂರು ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಹಾಳೆ. ಮೇಲೆ ಬಿಗಿಯಾದ ಜಾಲರಿಯ ಮುಚ್ಚಳ, ಅದಕ್ಕೊಂದು ಪುಟ್ಟ ಬೀಗ. ತಳಕ್ಕೆ ತೆಂಗಿನ ನಾರಿನ ಪುಡಿ. ಅದು ಒಣಗದಂತೆ ಓನರಮ್ಮ ಬೆಳಗಾದರೆ ಇಸ್ತ್ರಿ ಬಟ್ಟೆಗೆ ಚಿಮುಕಿಸುವ ಹಾಗೆ ನೀರು ಚಿಮುಕಿಸುತ್ತಿದ್ದರು. ಒಂದು ತುದಿಯ ಅಡಿಗೆ ಬಿಸಿ ಕೊಡುವ ಹಾಸು, ಅದು ಅತಿಯಾಗದಂತೆ ತಡೆಯುವ ಉಪಕರಣ. ಇನ್ನೊಂದು ತುದಿ ತಂಪು. ಬೇಕಾದಾಗ ಬೆಚ್ಚಗೆ, ಬೇಡವಾದಾಗ ತಣ್ಣಗೆ, ಆಯ್ಕೆ ಅದರದೇ. ಎರಡೂ ತುದಿಗಳಲ್ಲಿ ಮಣ್ಣಿನ ಕುಡಿಕೆಗಳನ್ನು ಮಗುಚಿಟ್ಟು, ಅಂಚಿನಲ್ಲಿ ಮರಿ ನುಸುಳುವಷ್ಟೇ ಬಾಯಿ ಕೊರೆಸಿ, ಕೊರೆದ ಜಾಗ ಮೈಗೆ ತರಚದಂತೆ ಸೀಳುಗುರಿನ ಆ ಹೆಬ್ಬೆರಳಿನಿಂದ ತಡವಿ ತಡವಿ ಉಜ್ಜಿದರು.

“ಇದು ಅದ್ರ ಒಳಚಿಲಕ,” ಎಂದರು.

ಮರಳಿ ಬಂದ ಮರಿ ಸೀದಾ ಬೆಚ್ಚಗಿನ ಕುಡಿಕೆಯೊಳಗೆ ಹೊಕ್ಕಿತು. ಅಂದಿನಿಂದ ಓನರಮ್ಮ ನಡುಮನೆಗೆ ಬರುವ ಮೊದಲು ಸೊಂಟದ ಗೊಂಚಲನ್ನು ಬಿಚ್ಚಿ ಹೊಸ್ತಿಲ ಆಚೆಗೆ ಇಡತೊಡಗಿದರು. ಹಾವಿಗೆ ಕಿವಿಯಿಲ್ಲ, ಅದಕ್ಕೆ ತಿಳಿಯುವುದು ನೆಲದ ಅದುರು ಎಂದು ನಾನು ಪಾಂಡಿತ್ಯ ತೋರಿಸಿದೆ. “ಇರ್ಲಿ ಬುಡು. ಬಾಡಿಗೆದಾರ್ರ ರೂಮಿಗೆ ಓನರ್ ಸದ್ದು ಮಾಡ್ಕೊಂಡ್ ನುಗ್ಗಬಾರ್ದು,” ಎಂದರು. ಮರಿ ಮೊದಲ ಬಾರಿಗೆ ತಾನಾಗಿಯೇ ಆಹಾರ ತೆಗೆದುಕೊಂಡಾಗ ನೋಡಲಾಗದೆ ಮುಖ ತಿರುಗಿಸಿ ನಿಂತು, “ತಿಂತಾ? ಪೂರ್ತಿ ತಿಂತಾ?” ಎಂದು ನನ್ನನ್ನು ಕೇಳುತ್ತಲೇ ಇದ್ದರು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಮುದ್ದಾದ ನೆನಪಾಗಿ ಉಳಿಯುತ್ತಿತ್ತು. ಅವರು ಮುಗಿಯಗೊಡಲಿಲ್ಲ. ನನ್ನನ್ನು ಕರೆದುಕೊಂಡು ಮಂಡಿ ಮೊಹಲ್ಲಾದ ಆ ಅಂಗಡಿಗೆ ಹೋದರು. ಮೀನಿನ ತೊಟ್ಟಿಗಳ ಹಿಂದೆ, ಪರದೆಯ ಮರೆಯಲ್ಲಿ, ಅದೇ ಬಗೆಯ ಡಬ್ಬಿಗಳು ಒಂದರ ಮೇಲೊಂದು.

“ಚಿಕ್ಕದಲ್ವಾ ಅಮ್ಮಾ, ಡಬ್ಬಿ ಸಾಕು,” ಎಂದ ಮಾರುವವನು.

“ನಿನ್ನ ಕೂಸೂ ಚಿಕ್ಕದಾಗಿತ್ತಲ್ಲಪ್ಪ. ಡಬ್ಬೀಲಿ ಮಲಗ್ಸಿದ್ದಾ?”

ಅಲ್ಲಿಂದ ಕಚೇರಿಗೆ. ಹಾವು ಮನೆಯಲ್ಲಿದೆ ಎಂದು ಒಪ್ಪಿಕೊಂಡರೆ ಅವರ ಮೇಲೆಯೇ ಪ್ರಕರಣವಾಗಬಹುದೆಂದು ನಾನು ದಾರಿಯಲ್ಲಿ ಎಚ್ಚರಿಸಿದೆ. “ಆಗ್ಲಿ ಬುಡು. ನನ್ನ ಕೇಳಕ್ಕಾದ್ರೂ ಒಬ್ರು ಎದ್ದು ಬಂದಂಗಾಯ್ತದೆ,” ಎಂದರು. ಅಧಿಕಾರಿಯ ಮುಂದೆ ಎಲ್ಲವನ್ನೂ ಹೇಳಿ, ಅರ್ಜಿಯನ್ನು ತಮ್ಮ ಹೆಸರಿನಲ್ಲೇ ಕೊಟ್ಟರು.

“ಹಾವು ಚೆನ್ನಾಗಿದೆ ತಾನೇ? ಇನ್ನೇನಮ್ಮ ತೊಂದರೆ ನಿಮಗೆ?” ಎಂದರು ಅಧಿಕಾರಿ.

“ತೊಂದ್ರೆ ನಂಗಲ್ಲ ಸಾಮಿ. ಅಂಗ್ಡೀಲಿ ಇನ್ನೂ ಡಬ್ಬಿಗಳವೆ.”

“ಸಿಬ್ಬಂದಿ ಇಲ್ಲ. ಮುಂದಿನ ವಾರ ಬನ್ನಿ.”

“ನಾನ್ ಬತ್ತೀನಿ. ನೀವ್ ಇರ್ತೀರಾ?”

ಅವರು ಹೋದರು, ಮತ್ತೆ ಮತ್ತೆ ಹೋದರು. ಅಧಿಕಾರಿ ಕೆಲವೊಮ್ಮೆ ಇದ್ದರು, ಕೆಲವೊಮ್ಮೆ ಇರಲಿಲ್ಲ. ಉತ್ತರ ಮಾತ್ರ ಒಮ್ಮೆಯೂ ಇರಲಿಲ್ಲ. ಕಾಲು ಊದಿಕೊಂಡ ದಿನಗಳಲ್ಲಿ ನನ್ನ ಸ್ಕೂಟರಿನ ಹಿಂದೆ ಕುಳಿತು ಹೋದರು. ಅಲ್ಲಿಯ ಬೆಂಚಿನ ಮೇಲೆ ಕುಳಿತು, ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು, ಸದ್ದಾಗದಂತೆ ಅದರ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಅವರ ಮೌನವನ್ನು ಕಂಡು ನಾನು ಸಿಡಿಮಿಡಿಗೊಂಡರೆ, “ಕೂಗ್ಬೇಡ ಕಣಮ್ಮ. ಕೂಗುದ್ರೆ ಕೂಗುದ್ಲು ಅಂತ ಬರ್ಕೋತಾರೆ, ಕೇಳಿದ್ದನ್ನ ಬರ್ಕೊಳಲ್ಲ,” ಎನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಹೃದಯಾಘಾತದಿಂದ ಓನರಮ್ಮ ತೀರಿಕೊಂಡರು. ಆಸ್ಪತ್ರೆಗೆ ಹೊರಡುವ ಮುನ್ನ ಗೊಂಚಲಿನಿಂದ ಎಲ್ಲಕ್ಕಿಂತ ಚಿಕ್ಕ ಬೀಗದ ಕೈಯನ್ನು ಬಿಡಿಸಿ ನನ್ನ ಅಂಗೈಗೆ ಹಾಕಿದ್ದರು. “ನೀರು ಚಿಮುಕ್ಸು. ಆಮೇಲೆ, ಮುಂದಿನ ವಾರ ಓಗು,” ಎಂದಿದ್ದರು. ನಾನು ಹೋದೆ. ಅರ್ಜಿದಾರರೇ ಬರಬೇಕು ಎಂದರು. ಅರ್ಜಿದಾರರು ಇನ್ನಿಲ್ಲ ಎಂದೆ. ಹಾಗಾದರೆ ವಿಷಯ ಮುಗಿಯಿತಲ್ಲ ಎಂದರು.

ಮುಗಿದಿಲ್ಲ. ಮರಿ ಬೆಳೆದಿದೆ, ಕುಡಿಕೆಯ ಬಾಯಿ ಅದಕ್ಕೀಗ ಸಾಲದು. ಅದಕ್ಕೆ ದೊಡ್ಡ ಮನೆಯನ್ನು ನಾನು ಕಟ್ಟಿಸಬಲ್ಲೆ. ಕಟ್ಟಿಸುವ ಬಗೆಯನ್ನು ಕಲಿತಿದ್ದೇನೆ. ಪರದೆಯ ಹಿಂದಿನ ಡಬ್ಬಿಗಳಿಗೆ ಮನೆ ಕಟ್ಟುವುದು ನನ್ನೊಬ್ಬಳಿಂದ ಆಗದು.

ಆದುದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ಈ ಬರಹದ ಮೂಲಕ ಕೋರುವುದೇನೆಂದರೆ: ತೀರಿಹೋದ ನನ್ನ ಮನೆಯೊಡತಿ ಕೊಟ್ಟ ಅರ್ಜಿಯನ್ನು ಇನ್ನು ಮುಂದೆ ನನ್ನದೆಂದು ಪರಿಗಣಿಸಿ. ಆ ಅಂಗಡಿಯನ್ನು ತಪಾಸಣೆ ಮಾಡಿ, ಅಲ್ಲಿರುವ ಜೀವಗಳನ್ನು ವಶಕ್ಕೆ ಪಡೆದು ತಕ್ಕ ಆರೈಕೆಗೆ ಒಪ್ಪಿಸಿ. ಈವರೆಗೆ ಏಕೆ ಮಾಡಲಿಲ್ಲ, ಯಾರು ಮಾಡಲಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಿ. ಈ ಹಾವನ್ನು ಇಟ್ಟುಕೊಂಡಿರುವುದು ತಪ್ಪಾದರೆ ನನ್ನನ್ನು ವಿಚಾರಿಸಲು ಬನ್ನಿ. ಗೋಕುಲಂನ ಆ ಮಹಡಿ ಕೋಣೆಯಲ್ಲಿಯೇ ಇದ್ದೇನೆ. ಚಿಲಕ ಒಳಗಡೆ ಇದೆ. ತಟ್ಟಿದರೆ ನಾನೇ ತೆಗೆಯುತ್ತೇನೆ.